ಸತ್ಯಾಂಶ: ‘ಯಾರಿಗೂ ಬೇಡವಾಗಿದ್ದ’ ಮಿಸ್ಟರ್ ಬೀನ್
ಮಿಸ್ಟರ್ ಬೀನ್ ಪಾತ್ರದ ನಟ ರೋವನ್ ಅಟ್ಕಿನ್ಸನ್ ಬಡ ಮನೆಯ ಹುಡುಗ, ತೊದಲು ಮಾತು, ಟಿವಿಯವರೆಲ್ಲ ವಾಪಸ್ ಕಳಿಸಿದರು, ಕೊನೆಗೆ ಆ ಪಾತ್ರವೇ ಕೈಹಿಡಿಯಿತು ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ತೊದಲಿನ ಮಾತು ನಿಜ, ನಟರೇ ಹೇಳಿಕೊಂಡಿದ್ದಾರೆ. ಅದೊಂದು ನಿಜವಿರುವುದರಿಂದಲೇ ಉಳಿದದ್ದನ್ನೂ ಜನ ನಂಬುತ್ತಾರೆ.

ಅಟ್ಕಿನ್ಸನ್ 1955ರಲ್ಲಿ ಇಂಗ್ಲೆಂಡಿನ ಕಾನ್ಸೆಟ್‌ನಲ್ಲಿ ಹುಟ್ಟಿದರು. ತಂದೆಗೆ ಸ್ವಂತ ಜಮೀನಿತ್ತು. ನ್ಯೂಕ್ಯಾಸಲ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಎಂ.ಎಸ್ಸಿ. ಬೀನ್ ಪಾತ್ರ ಚಿಗುರಿದ್ದೂ ಆಕ್ಸ್‌ಫರ್ಡ್ ದಿನಗಳಲ್ಲೇ. 1979ರಲ್ಲಿ ಟಿವಿ ಹಾಸ್ಯ ಸರಣಿ, 1981ರಲ್ಲಿ ಬ್ರಿಟನ್ನಿನ ದೊಡ್ಡ ಸಿನಿಮಾ-ಟಿವಿ ಪ್ರಶಸ್ತಿಯಾದ ಬಾಫ್ಟಾ, 1983ರಲ್ಲಿ ‘ಬ್ಲ್ಯಾಕ್ಯಾಡರ್’ ಎಂಬ ಟಿವಿ ಹಾಸ್ಯ ಸರಣಿ. ಮಿಸ್ಟರ್ ಬೀನ್ ಮೊದಲ ಕಂತು ಬಂದದ್ದು 1990ರ ಜನವರಿ 1ರಂದು. ಅಷ್ಟು ಹೊತ್ತಿಗೆ ಬ್ರಿಟನ್‌ನಲ್ಲಿ ಅವರು ಮನೆಮಾತಾಗಿ ಹತ್ತು ವರ್ಷವಾಗಿತ್ತು.

ಇಂಥ ಸಂದೇಶ ಬಂದರೆ ಮೊದಲು ಇಸವಿ ಹುಡುಕಿ. ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ನಟನ ಕಾರ್ಯಕ್ರಮಗಳನ್ನು ಮೊದಲ ಪ್ರಸಾರದ ದಿನಾಂಕದ ಕ್ರಮದಲ್ಲಿ ಬರೆದುಕೊಂಡರೆ ಐದೇ ನಿಮಿಷದಲ್ಲಿ ಕಥೆಯ ಜೋಡಣೆ ಬಿಚ್ಚಿಕೊಳ್ಳುತ್ತದೆ. ಸಂದೇಶದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಮಾಡಿ. ಎಷ್ಟೋ ಸಲ ಅದೇ ಸಾಲು ಬೇರೆ ನಟರ ಹೆಸರಲ್ಲೂ ಸಿಗುತ್ತದೆ. ಕಳಿಸಿದವರು ಹೆಚ್ಚಾಗಿ ಮಕ್ಕಳಿಗೆ ಧೈರ್ಯ ತುಂಬಲೆಂದೇ ಕಳಿಸಿರುತ್ತಾರೆ. ಇಸವಿಗಳನ್ನಷ್ಟೇ ಉತ್ತರವಾಗಿ ಹಾಕಿದರೆ ಸಾಕು.