ಆ 26 ಸೆಕೆಂಡುಗಳ ಲೆಕ್ಕ: ಪೀಟ್ ಕ್ಯಾರಲ್ ಪರವಾಗಿ

ಅಮೆರಿಕನ್ ಫುಟ್‌ಬಾಲಿನಲ್ಲಿ ಕೋಚ್ ಒಬ್ಬರು ಕೈಗೊಂಡ ಅತಿ ಕೆಟ್ಟ ನಿರ್ಧಾರ ಯಾವುದೆಂಬ ಮಾತು ಬಂದಾಗಲೆಲ್ಲ 2015ರ ಫೆಬ್ರುವರಿ 1ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪ್ರಶಸ್ತಿ ಪಂದ್ಯ, ಪ್ರಸ್ತಾಪವಾಗುತ್ತದೆ. ಗೆಲುವಿನ ಗೆರೆಗೆ ಒಂದೇ ಗಜ ಇದ್ದಾಗ ಚೆಂಡನ್ನು ಹಿಡಿದು ಓಡಿಸುವ ಬದಲು ಪಾಸ್ ಎಸೆಯಿಸಿ ಪಂದ್ಯ ಸೋತರೆಂಬುದೇ ದೂರು. ಸಿಯಾಟಲ್ ಸೀಹಾಕ್ಸ್ ತಂಡದ ಆಗಿನ ಕೋಚ್ ಪೀಟ್ ಕ್ಯಾರಲ್ ಅವರ ಮೇಲೆ ಅಂದಿನಿಂದ ಹೊರಿಸುತ್ತ ಬಂದಿರುವ ಈ ಅಪವಾದ ಅನ್ಯಾಯವಾದುದೆಂದು ನಾನು ದೃಢವಾಗಿ ನಂಬಿದ್ದೇನೆ.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28–24ರಿಂದ ಮುಂದಿತ್ತು. ನಾಲ್ಕು ಅಂಕ ಹಿಂದಿದ್ದ ಸಿಯಾಟಲ್‌ಗೆ ಮೂರು ಅಂಕದ ಫೀಲ್ಡ್ ಗೋಲ್ ಸಾಲುತ್ತಿರಲಿಲ್ಲ, ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ಒಯ್ದು ಆರು ಅಂಕ ಗಳಿಸುವ ಟಚ್‌ಡೌನ್ ಬೇಕೇ ಬೇಕಿತ್ತು. ಸುಮಾರು ಒಂದು ನಿಮಿಷ ಉಳಿದಿದ್ದಾಗ ಸಿಯಾಟಲ್‌ನ ಓಟಗಾರ ಮಾರ್ಶಾನ್ ಲಿಂಚ್ ಚೆಂಡನ್ನು ಆ ಗೆರೆಗೆ ಒಂದೇ ಗಜ ದೂರದವರೆಗೆ ಒಯ್ದರು. ಮುಂದಿನ ಆಟ ಆರಂಭವಾದಾಗ ಗಡಿಯಾರದಲ್ಲಿ 26 ಸೆಕೆಂಡುಗಳಿದ್ದವು. ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ರಸೆಲ್ ವಿಲ್ಸನ್ ಎಸೆದ ಪಾಸ್ ಅನ್ನು ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಕಸಿದುಕೊಂಡರು, ಪಂದ್ಯ ಕೈತಪ್ಪಿತು.

ಚೆಂಡನ್ನು ಲಿಂಚ್ ಕೈಗೇ ಕೊಡಬೇಕಿತ್ತು ಎನ್ನುವವರು ಗಡಿಯಾರವನ್ನು ಮರೆಯುತ್ತಾರೆ. ಓಡುವವನನ್ನು ಮೈದಾನದೊಳಗೆ ಕೆಡವಿದರೆ ಸಮಯ ಓಡುತ್ತಲೇ ಇರುತ್ತದೆ, ಪಾಸ್ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಡೌನ್ ಎಂದು ಕರೆಯುವ ನಾಲ್ಕು ಅವಕಾಶಗಳಲ್ಲಿ ಲಿಂಚ್ ಓಟದೊಂದಿಗೆ ಮೊದಲನೆಯದು ಮುಗಿದು ಸಿಯಾಟಲ್‌ಗೆ ಮೂರು ಉಳಿದಿದ್ದವು, ಗಡಿಯಾರ ನಿಲ್ಲಿಸಬಲ್ಲ ಟೈಮ್‌ಔಟ್ ಮಾತ್ರ ಒಂದೇ. ಎರಡನೇ ಡೌನ್‌ನಲ್ಲಿ ಓಡಿ ವಿಫಲರಾದರೆ ಆ ಟೈಮ್‌ಔಟ್ ಖರ್ಚಾಗುತ್ತಿತ್ತು. ಮೂರನೆಯದರಲ್ಲೂ ಓಡಿ ಸಿಕ್ಕಿಬಿದ್ದರೆ, ಆಟಗಾರರ ರಾಶಿ ಎದ್ದು ಮತ್ತೆ ಸಾಲುಗಟ್ಟುವಷ್ಟರಲ್ಲಿ ಪಂದ್ಯವೇ ಮುಗಿದುಹೋಗುವ ಅಪಾಯವಿತ್ತು. ಮೂರೂ ಅವಕಾಶಗಳನ್ನು ಉಳಿಸಿಕೊಳ್ಳಬೇಕೆಂದರೆ ಒಂದಾದರೂ ಪಾಸ್ ಆಗಿರಲೇಬೇಕು, ಮತ್ತು ಅದನ್ನು ಎದುರಾಳಿ ನಿರೀಕ್ಷಿಸದ ಎರಡನೇ ಡೌನ್‌ನಲ್ಲಿ ಎಸೆಯುವುದೇ ವಿವೇಕ. ಓಟವನ್ನು ತಡೆಯಲೆಂದೇ ಭಾರಿ ಮೈಕಟ್ಟಿನ ಆಟಗಾರರನ್ನು ಪೇಟ್ರಿಯಟ್ಸ್ ಮುಂದೆ ನಿಲ್ಲಿಸಿತ್ತೆಂಬುದನ್ನೂ ಗಮನಿಸಬೇಕು.

ದಟ್ಟಣೆಯಿದ್ದ ಒಳಭಾಗಕ್ಕೆ ಎಸೆಯುವ ಬದಲು, ತಪ್ಪಿದರೆ ಚೆಂಡು ಮೈದಾನದ ಹೊರಗೆ ಹೋಗುವಂತೆ ಮೂಲೆಗೆ ಎಸೆಯಬಹುದಿತ್ತು ಎಂಬ ಟೀಕೆಯನ್ನು ಒಪ್ಪುತ್ತೇನೆ. ಆದರೆ ಅದು ಪಾಸ್‌ನ ಬಗೆಯನ್ನು ಕುರಿತ ಪ್ರಶ್ನೆ.

ಎದುರು ಬದಿಯಲ್ಲಿ ಪೇಟ್ರಿಯಟ್ಸ್‌ನ ಆಗಿನ ಕೋಚ್ ಬಿಲ್ ಬೆಲಿಚಿಕ್ ಎರಡು ಟೈಮ್‌ಔಟ್ ಇಟ್ಟುಕೊಂಡೂ ಸಮಯವನ್ನು ಹರಿಯಬಿಟ್ಟರು. ಸಿಯಾಟಲ್ ಗೆರೆ ದಾಟಿದ್ದರೆ ಅವರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ಉತ್ತರಿಸಲು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು ಸಿಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚಿನ ಜೂಜು. ಗೆದ್ದ ಕಾರಣಕ್ಕೆ ಅದನ್ನು ಜಾಣತನವೆಂದು ಹೊಗಳಲಾಯಿತು.

ನಿಜವಾದ ಲೋಪ ಹೇಗಿರುತ್ತದೆಂದು ತಿಳಿಯಲು 2024ರ ನವೆಂಬರ್ 28ರ ಪಂದ್ಯವನ್ನು ನೋಡಬೇಕು. ಡೆಟ್ರಾಯಿಟ್ ಲಯನ್ಸ್ ವಿರುದ್ಧ 23–20ರಿಂದ ಹಿಂದಿದ್ದ ಶಿಕಾಗೊ ಬೇರ್ಸ್‌ನ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಅವರನ್ನು ಕೆಡವಿದಾಗ ಅರ್ಧ ನಿಮಿಷದಷ್ಟು ಸಮಯವಿತ್ತು, ಒಂದು ಟೈಮ್‌ಔಟ್ ಕೂಡ ಕೈಯಲ್ಲಿತ್ತು. ಕೋಚ್ ಮ್ಯಾಟ್ ಎಬರ್‌ಫ್ಲಸ್ ಅದನ್ನು ಬಳಸಲೇ ಇಲ್ಲ. ಒಂದೇ ಒಂದು ಪಾಸ್ ಎಸೆಯುವಷ್ಟರಲ್ಲಿ ಆಟ ಮುಗಿಯಿತು, ಮರುದಿನ ಅವರನ್ನು ವಜಾಗೊಳಿಸಲಾಯಿತು. ಅಲ್ಲಿ ಸಮರ್ಥಿಸಿಕೊಳ್ಳಬಹುದಾದ ಲೆಕ್ಕವೇ ಇರಲಿಲ್ಲ. ಲೆಕ್ಕ ಹಾಕಿಯೇ ಸೋತ ಕ್ಯಾರಲ್ ಅವರನ್ನು ಆ ಸಾಲಿನಲ್ಲಿ ನಿಲ್ಲಿಸುವುದನ್ನು ನಾನಂತೂ ಒಪ್ಪಲಾರೆ.