ಯಾರ ಮನೆಯವರು ನೀವು?

ಕೊಡಗಿನಲ್ಲಿ ರೋಬಸ್ಟಾ ಕಾಫಿ ಚೆರ್ರಿಯ ತೇವಾಂಶ ಶೇ 11ಕ್ಕೆ ಇಳಿದಿದೆಯೇ ಎಂದು ನೋಡದೆ ಮೂಟೆ ಕಟ್ಟುವವರಿಲ್ಲ. ಮಣ್ಣನ್ನೂ ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸುತ್ತೇವೆ. ಅರೇಬಿಕಾಕ್ಕೆ ಕಾಂಡಕೊರಕ ಹತ್ತಿದರೆ ಬಸ್ ಸ್ಟ್ಯಾಂಡಿನಲ್ಲೇ ಚರ್ಚೆ. ಗಿಡದ ಮಾನವೇನೂ ಹೋಗುವುದಿಲ್ಲ. 22ರ ಹುಡುಗನಿಗೆ ಲೈಂಗಿಕ ಸೋಂಕಿನ ಪರೀಕ್ಷೆ ಬೇಕೆಂದರೆ ಮಾತ್ರ ಇಡೀ ಒಕ್ಕದ, ಅಂದರೆ ಮನೆತನದ, ಮಾನ ಪಣಕ್ಕೆ.

ಸೌಲಭ್ಯ ಇಲ್ಲವೆಂದಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಪುಕ್ಕಟೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಫಲಿತಾಂಶ ಹೊರಗೆ ಹೇಳಬಾರದು ಎಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯಲ್ಲೇ ಇದೆ. ಆದರೆ ಕಾಯ್ದೆಗೆ ಚೀಟಿ ಬರೆಯುವ ಕಿಟಕಿ ಗೊತ್ತಿಲ್ಲ. "ಯಾರ ಮನೆಯವರು? ಓ, ಅವರ ಮಗನಾ! ಅಪ್ಪ ಚೆನ್ನಾಗಿದ್ದಾರಾ? ಏನಾಯ್ತು ಮಗಾ?" ಬೆಂಚಿನ ಮೇಲಿನ ಹತ್ತು ಜೊತೆ ಕಿವಿ ನೆಟ್ಟಗಾಗುತ್ತವೆ. ಹುಡುಗ "ಜ್ವರ" ಎನ್ನುತ್ತಾನೆ. ಪ್ಯಾರಸಿಟಮಾಲ್ ಸಿಗುತ್ತದೆ.

ಇನ್ನು ಕೆಲವರು ಮೆಡಿಕಲ್ ಶಾಪಿನಲ್ಲಿ ಎರಡು ಆ್ಯಂಟಿಬಯೋಟಿಕ್ ನುಂಗುತ್ತಾರೆ. ಉರಿ ತಗ್ಗಬಹುದು, ಸೋಂಕು ಉಳಿಯಬಹುದು. ಪೂರ್ತಿ ಹೋದರೂ ಸಂಗಾತಿಗೆ ಚಿಕಿತ್ಸೆಯಾಗದಿದ್ದರೆ ಮರಳಿ ಬರಬಹುದು. ಕಾಸಿದ್ದವರು ಮೈಸೂರಿಗೆ ಹೋಗಿ 'ಫುಲ್ ಬಾಡಿ ಚೆಕಪ್' ಮಾಡಿಸುತ್ತಾರೆ. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್, ಎಲ್ಲ ಬರುತ್ತದೆ, ಬೇಕಾದ್ದೊಂದು ಬಿಟ್ಟು. ಸಿಫಿಲಿಸ್‌ಗೆ ವಿಡಿಆರ್‌ಎಲ್ ರಕ್ತಪರೀಕ್ಷೆ ಎಂದು ಬಾಯಿಬಿಟ್ಟೇ ಕೇಳಬೇಕು. ಗೊನೊರಿಯಾ, ಕ್ಲಮೈಡಿಯಾಕ್ಕೆ ರಕ್ತ ಕೊಟ್ಟು ಪ್ರಯೋಜನವಿಲ್ಲ. ಒಂದು ಗಂಟೆ ತಡೆದುಕೊಂಡು, ಮೊದಲ ಧಾರೆಯ 20-30 ಮಿಲಿ ಮೂತ್ರ ಹಿಡಿಯಬೇಕು. ನಮ್ಮವರು ರೂಢಿಯಂತೆ ಮೊದಲದ್ದು ಚೆಲ್ಲಿ ನಡುವಿನದ್ದನ್ನು ಬಾಟಲಿ ತುಂಬಾ ಕೊಟ್ಟು ಬರುತ್ತಾರೆ. ಹುಡುಕಬೇಕಾದ್ದು ಚರಂಡಿ ಸೇರಿರುತ್ತದೆ. ಹುಡುಗಿಯರಿಗೆ ಯೋನಿಯ ಸ್ವಾಬ್ ಇನ್ನೂ ಚೆನ್ನ. ಆದರೆ ಮದುವೆಯಾಗದವಳು ಅದನ್ನು ಕೇಳಿದರೆ ಲ್ಯಾಬಿನವರಿಗೇ ಬಿ.ಪಿ. ಏರುತ್ತದೆ.

ಕ್ಲಮೈಡಿಯಾ ಬಹಳ ಸಲ ಲಕ್ಷಣವನ್ನೇ ತೋರಿಸದೆ ಗರ್ಭನಾಳ ಕೆಡಿಸಬಲ್ಲದು. ಆಮೇಲೆ ಮಗುವಾಗಲಿಲ್ಲವೆಂದು ಹರಕೆ ಹೊರಲು ಇಡೀ ಒಕ್ಕ ಜೀಪು ಹತ್ತುತ್ತದೆ.

ಭಾನುವಾರದ ಭಯಕ್ಕೆ ಸೋಮವಾರ ರಕ್ತ ಕೊಟ್ಟು 'ನೆಗೆಟಿವ್' ಎಂದು ಕುಣಿಯುವವರೂ ಇದ್ದಾರೆ. ಅದು ಭಾನುವಾರಕ್ಕಿಂತ ಹಿಂದಿನ ಲೆಕ್ಕ. ಎಚ್‌ಐವಿಗೆ 3 ತಿಂಗಳ ಬಳಿಕ ಮತ್ತೊಮ್ಮೆ ನೋಡಿಸಬೇಕು. ಸೋಮವಾರ ಕೇಳಬೇಕಾದ್ದು ಎಚ್‌ಐವಿ ತಗಲದಂತೆ ತಡೆಯಲು 72 ಗಂಟೆಯೊಳಗೆ ಶುರು ಮಾಡುವ ಪಿಇಪಿ ಮಾತ್ರೆಯನ್ನು.

ಸಂಶಯವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಉಚಿತ. ಅಲ್ಲಿ ಯಾರ ಮನೆ ಎಂದು ಕೇಳುವವರಿಲ್ಲ. ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಕಣಕ್ಕೆ ಬನ್ನಿ, ಎರಡು ಕಡ್ಡಿ ಬರುತ್ತದೆ. ಅಲ್ಲೇ ಅಜ್ಜಿ ಕಾಳುಮೆಣಸು ಹರಡುತ್ತಾ ಕೂತಿರುತ್ತಾರೆ. ಅವರ ಕಿವಿ ಇನ್ನೂ ಚುರುಕು.