ಕೂಲಾ, ನಾರ್ಮಲ್ಲಾ?

ಬೇಕರಿಯಲ್ಲಿ ನೀರಿನ ಬಾಟಲಿ ಕೇಳಿದರೆ 'ಕೂಲಾ, ನಾರ್ಮಲ್ಲಾ?' ಅಂತಾರೆ. ಈ ಇಂಗ್ಲಿಷ್ ಪದ ಹುಟ್ಟಿದ ಅರ್ಥದಲ್ಲೇ ಇನ್ನೂ ನಿಯತ್ತಾಗಿ ದುಡೀತಿರೋದು ಅಲ್ಲಿ. ಉಳಿದ ಕಡೆ ಅದಕ್ಕೆ ನೂರು ವೇಷ. ಹೊಸ ಬೈಕು ಕೂಲ್. ಬೈಯದ ಅಪ್ಪ ಕೂಲ್. 'ಹತ್ತು ನಿಮಿಷ ಲೇಟಾಗುತ್ತೆ' ಅಂದರೆ ಅದಕ್ಕೂ ಕೂಲ್. ಬಿಸಿಲಿಗೆ ಹಾಕೋ ಕಪ್ಪು ಕನ್ನಡಕ ಕೂಲಿಂಗ್ ಗ್ಲಾಸು. ಅದು ಕಣ್ಣಿಗೆ ತಂಪೋ, ನೋಡೋರಿಗೆ ಸ್ಟೈಲೋ, ಇವತ್ತಿಗೂ ಇತ್ಯರ್ಥವಾಗಿಲ್ಲ. ಕೋರ್ಟಿಗೆ ಹೋದರೆ ಅಲ್ಲೂ ಇದೆ. ಪರಸ್ಪರ ಒಪ್ಪಿ ವಿಚ್ಛೇದನ ಕೇಳುವ ದಂಪತಿಯನ್ನು ಹಿಂದೂ ವಿವಾಹ ಕಾಯ್ದೆ ಆರು ತಿಂಗಳು ಕಾಯಿಸುತ್ತದಲ್ಲ, ವಕೀಲರ ಬಾಯಲ್ಲಿ ಅದು 'ಕೂಲಿಂಗ್ ಪೀರಿಯಡ್'. ಅಗತ್ಯ ಬಿದ್ದರೆ ಅದನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರಿಸೋಕೆ ಕಾವೇ ಉಳಿಯದ ಸಂಸಾರಗಳೂ ಇರ್ತವೆ ನೋಡಿ.

ಇವೆಲ್ಲ ಇರಲಿ, ತಮಾಷೆಯಾಗಿವೆ. ನನ್ನ ತಕರಾರು 'ಕೂಲಾಗಿರಿ' ಅನ್ನೋ ಉಪದೇಶದ ಮೇಲೆ.

ಇವತ್ತು ನಾವು ಆಡುವ 'ಕೂಲ್' ಬಂದದ್ದು ಅಮೆರಿಕದ ಕಪ್ಪು ಜನರ ಜಾಝ್ ಸಂಗೀತ ಲೋಕದಿಂದ. ಅದನ್ನು ಎಲ್ಲರ ಬಾಯಿಗೆ ತಂದ ಶ್ರೇಯಸ್ಸನ್ನು ಸಾಮಾನ್ಯವಾಗಿ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ಗೆ ಕೊಡುತ್ತಾರೆ. 1944ರಲ್ಲಿ ಆತನನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಂಡರು. ಮರುವರ್ಷವೇ ಮಾದಕವಸ್ತು ಇಟ್ಟುಕೊಂಡಿದ್ದಕ್ಕೆ ಸೇನಾ ನ್ಯಾಯಾಲಯ ಸೆರೆಗೆ ತಳ್ಳಿತು. ಇನ್ನು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್. 'ಬರ್ತ್ ಆಫ್ ದಿ ಕೂಲ್' ಅಂತ 1957ರಲ್ಲಿ ಹೊರಬಂದ ಆಲ್ಬಂ ಆತನದು. ಎರಡು ವರ್ಷ ಕಳೆದು, 1959ರ ಆಗಸ್ಟಿನಲ್ಲಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಮುಂದೆ ಸಿಗರೇಟು ಸೇದುತ್ತಾ ನಿಂತಿದ್ದ. ಒಳಗೆ ಅವತ್ತು ಅವನದೇ ಕಛೇರಿ. 'ಇಲ್ಲಿಂದ ಹೋಗು' ಅಂದ ಪೊಲೀಸ್. ನಾನು ಇಲ್ಲೇ ನುಡಿಸೋನು ಅಂದು ಕದಲದೆ ನಿಂತದ್ದಕ್ಕೆ ತಲೆ ಒಡೆಯುವಂತೆ ಹೊಡೆದರು. ಬಂಧಿಸಿದ್ದೂ ಅವನನ್ನೇ.

ಸಿಟ್ಟು ತೋರಿಸಿದರೆ ಜೀವಕ್ಕೇ ಸಂಚಕಾರ ಅನ್ನುವ ಕಡೆ, ಮುಖದ ಮೇಲೆ ಏನನ್ನೂ ಬಿಟ್ಟುಕೊಡದೆ ನಿಲ್ಲುವುದು ಆ ಜನರಿಗೆ ರಕ್ಷಣೆಯೂ ಹೌದು, ಹಮ್ಮೂ ಹೌದು. ಇದರ ಬೇರನ್ನು ಕಲಾ ಇತಿಹಾಸಕಾರ ರಾಬರ್ಟ್ ಫ್ಯಾರಿಸ್ ಥಾಂಪ್ಸನ್ ಪಶ್ಚಿಮ ಆಫ್ರಿಕಾದ ಯೊರುಬಾ ಜನರ 'ಇತುತು' ಎಂಬ ಕಲ್ಪನೆಯವರೆಗೂ ಹಿಡಿದುಕೊಂಡು ಹೋಗಿದ್ದ. ಅದರ ಅರ್ಥವೂ ತಂಪೇ, ಗುಣದಲ್ಲಿನ ತಂಪು.

ಈಗ ಅದೇ ಮಾತು ಯಾರ ಬಾಯಲ್ಲಿದೆ? ಧೋನಿಯನ್ನು ಕ್ಯಾಪ್ಟನ್ ಕೂಲ್ ಅಂದರೆ ನನಗೆ ಖುಷಿಯೇ, ಕೊನೇ ಓವರಿನ ಒತ್ತಡ ಹೊರುತ್ತಿದ್ದವನು ಅವನು. ಆದರೆ ಸಂಬಳ ತಿಂಗಳುಗಟ್ಟಲೆ ತಡೆದ ಕಂಪನಿಯ ಮೀಟಿಂಗಿನಲ್ಲಿ, ಇಎಂಐ ಕಟ್ಟೋನು ದನಿ ಏರಿಸಿದಾಗ 'ಕೂಲ್ ಕೂಲ್, ಪ್ರೊಫೆಷನಲ್ ಆಗಿರೋಣ' ಅನ್ನುವ ಮ್ಯಾನೇಜರ್ ಯಾವ ಒತ್ತಡ ಹೊತ್ತಿದ್ದಾನೆ? ಏಟು ತಿಂದವರು ತಮಗಾಗಿ ಕಟ್ಟಿಕೊಂಡ ಪದವನ್ನು ಏಟು ಕೊಡೋರು ಎತ್ತಿಕೊಂಡುಬಿಟ್ಟರು ಅನ್ನಿಸುತ್ತೆ.

ಕನ್ನಡದಲ್ಲೂ 'ತಣ್ಣಗಿರು' ಅನ್ನುತ್ತೇವೆ. ಆದರೆ ಅದು ಹರಕೆ. ಅನ್ನ ಇಕ್ಕಿದ ತಾಯಿಗೆ ಉಂಡವರು 'ನಿನ್ನ ಹೊಟ್ಟೆ ತಣ್ಣಗಿರಲಿ ಕಣಮ್ಮಾ' ಅಂತಾರೆ. ಮ್ಯಾನೇಜರ್ ಸಾಹೇಬರೇ, ನೀವೂ ಮೊದಲು ಸಂಬಳ ಹಾಕಿ. ಈ ಹರಕೆ ನಿಮಗೂ ಸಿಗುತ್ತೆ.